ಬೀರುವಿನ ಮೇಲಿದ್ದ ಗಿಟಾರ್

ಐವತ್ತೆರಡನೇ ವಯಸ್ಸಿಗೆ ಗಿಟಾರ್ ಕಲಿಯಲು ಸೇರಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ಮಗಳದು ಮನೆಯಲ್ಲಿ ಸುಮ್ಮನೆ ಬಿದ್ದಿತ್ತು, ಹಾಳಾಗಬಾರದಲ್ಲ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ನಡೆದಿತ್ತು. ನಮ್ಮ ಬ್ಯಾಂಕಿನವರೊಬ್ಬರು ತಮ್ಮ ಬೀಳ್ಕೊಡುಗೆಯ ದಿನ ಗಿಟಾರ್ ಹಿಡಿದು ಎರಡು ಹಳೆಯ ಚಿತ್ರಗೀತೆ ನುಡಿಸಿದರು. ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೂ ಬೇಕು ಅನ್ನಿಸಿತು. ಸಂಗೀತದ ಪ್ರೀತಿ ಆಮೇಲೆ ಬಂದದ್ದು. ಬಂದಿದೆ ಎಂದುಕೊಂಡಿದ್ದೇನೆ.

ಮೊದಲ ಪಾಠಕ್ಕೆ ಹೋದಾಗ ಒಳಗೊಳಗೇ ಒಂದು ಧೈರ್ಯವಿತ್ತು. ಚಿಕ್ಕಂದಿನಲ್ಲಿ ಸರಳೆ, ಜಂಟಿವರಸೆ ದಾಟಿ ಗೀತೆಯವರೆಗೆ ಹಾಡು ಕಲಿತಿದ್ದೆ. ಮೇಷ್ಟ್ರು ಸಿ ಮೇಜರ್ ಸ್ಕೇಲ್ ನುಡಿಸಿ ತೋರಿಸಿದರು. ಅದು ನಮ್ಮ ಶಂಕರಾಭರಣದ ಸ್ವರಗಳೇ ಎಂದು ಗುರುತಿಸಿ ಹೇಳಿದೆ. ತಂತಿಗಳ ಶ್ರುತಿಯಲ್ಲೂ ಲೆಕ್ಕ ಹಿಡಿದೆ: ದಪ್ಪ ತಂತಿಯನ್ನು ಷಡ್ಜ ಎಂದುಕೊಂಡರೆ ಮುಂದಿನದು ಅದರ ಮಧ್ಯಮ, ಅದರ ಮುಂದಿನದು ಮತ್ತೆ ಮಧ್ಯಮ. ಮೂರನೆಯದರಿಂದ ಎರಡನೆಯದಕ್ಕೆ ಬರುವಾಗ ಮಾತ್ರ ಅಂತರ ಗಾಂಧಾರ. ಮೇಷ್ಟ್ರು, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು, ಸಂತೋಷಪಟ್ಟು, "ಚೆನ್ನಾಗಿ ಗೊತ್ತಿದೆ ಮೇಡಂ, ಈಗ ಒತ್ತಿ" ಎಂದರು. ಒತ್ತಿದೆ. ಸ್ವರವೇ ಹೊರಡಲಿಲ್ಲ. ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿ ಉರಿಯತೊಡಗಿತು.

ಅವರು ಗಿಟಾರನ್ನು ಕೈಗೆ ತೆಗೆದುಕೊಂಡು ಓರೆಯಾಗಿ ಹಿಡಿದು ಕಣ್ಣಳತೆ ಮಾಡಿದರು. ತಂತಿಗಳು ಫ್ರೆಟ್‌ಗಳಿಂದ ತೀರಾ ಮೇಲಿವೆ, ಇದರಲ್ಲಿ ಯಾರು ಒತ್ತಿದರೂ ನೋಯುತ್ತದೆ, ಮೇಲಿನ ನಟ್ಟನ್ನೂ ಕೆಳಗಿನ ಬಿಳಿ ಪಟ್ಟಿಯನ್ನೂ ಉಜ್ಜಿಸಿ ತಗ್ಗಿಸಬೇಕು ಎಂದರು.

ಈ ಮಾತನ್ನು ನಾನು ಮೊದಲೇ ಕೇಳಿದ್ದೆ.

ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಅವಳ ಮೇಷ್ಟ್ರು ಇದನ್ನೇ ಹೇಳಿ ಕಳಿಸಿದ್ದರು. 3,500 ರೂಪಾಯಿಗೆ ಕೊಂಡ ಗಿಟಾರ್. ಅದಕ್ಕೆ ಮತ್ತೆ ದುಡ್ಡು ಹಾಕುವುದೇ ಅನ್ನಿಸಿತು. ಇಲ್ಲ, ದುಡ್ಡಿನ ಮಾತಲ್ಲ ಅದು. ನೋವಾದರೆ ತಾನಾಗಿಯೇ ಬಿಡುತ್ತಾಳೆ, ಓದಿಕೊಳ್ಳುತ್ತಾಳೆ ಎಂದು ಒಳಗೆಲ್ಲೋ ಲೆಕ್ಕ ಹಾಕಿದ್ದೆ. ಆಗ ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದೆನೋ ಇಲ್ಲವೋ, ಪ್ರಾಮಾಣಿಕವಾಗಿ ನೆನಪಿಲ್ಲ. ಈಗ ನನ್ನನ್ನು ಹಳಿದುಕೊಳ್ಳುವ ಹುರುಪಿನಲ್ಲಿ ಸೇರಿಸುತ್ತಿರಲೂಬಹುದು. ನೆನಪಿರುವುದು ಇಷ್ಟು: ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಎಫ್ ಕಾರ್ಡ್ ಹಿಡಿಯೋಕೇ ಆಗ್ತಿಲ್ಲ, ಬೆರಳು ಉರೀತಿದೆ" ಎಂದು ಎಡಗೈ ಚಾಚಿದಳು. ನಾನು ಒಗ್ಗರಣೆಯಿಂದ ತಲೆಯೆತ್ತದೆ, "ಮನಸ್ಸಿದ್ದೋರಿಗೆ ನೋವು ಗೊತ್ತಾಗಲ್ಲ ಪುಟ್ಟಿ, ಸುಮ್ನೆ ನೆಪ ಹೇಳ್ಬೇಡ" ಎಂದೆ. ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು ಗಿಟಾರನ್ನು ಬೀರುವಿನ ಮೇಲಿಟ್ಟವಳು ನಾನೇ. ಪರೀಕ್ಷೆ ಮುಗಿದ ಮೇಲೆ ಅವಳು ಕೇಳಲಿಲ್ಲ, ನಾನು ಇಳಿಸಲಿಲ್ಲ. ನೆಂಟರ ಮುಂದೆ "ಅವಳಿಗೇ ಆಸಕ್ತಿ ಹೋಯ್ತು" ಎನ್ನುತ್ತಿದ್ದೆ. ಅವಳು ಪಕ್ಕದಲ್ಲೇ ಕೂತಿದ್ದಾಗಲೂ ಹೇಳಿದ್ದೇನೆ.

ನನ್ನ ಬೆರಳು ಉರಿದದ್ದು ಗುರುವಾರ. ಶನಿವಾರವೇ ಗಿಟಾರ್ ರಿಪೇರಿ ಅಂಗಡಿಯಲ್ಲಿತ್ತು. ಹೊಸ ತಂತಿಯೂ ಸೇರಿ 1,200 ರೂಪಾಯಿ ಆಯಿತು. ಒಂದು ಸಲವೂ ಯೋಚಿಸದೆ ಕೊಟ್ಟೆ. ಮನೆಗೆ ತಂದು ನುಡಿಸಿದಾಗ, ಮೊದಲು ಹೊರಡದಿದ್ದ ಸ್ವರಗಳೆಲ್ಲ ಸಲೀಸಾಗಿ ಹೊರಟವು. ಸಂತೋಷಪಡಬೇಕಾದ ಗಳಿಗೆಯದು, ಪಟ್ಟೆ ಕೂಡ. ಆ ಸಂತೋಷದ ಬೆನ್ನಿಗೇ ಬಂದ ಸಂಕಟವನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಎಂಟು ತಿಂಗಳಾಗಿದೆ. ಬೆರಳ ತುದಿ ಗಡಸಾಗಿದೆ. ಎಫ್ ಕಾರ್ಡ್ ಈಗಲೂ ಕಷ್ಟ. ತೋರುಬೆರಳನ್ನು ಮೊದಲ ಫ್ರೆಟ್‌ನಲ್ಲಿ ಆರೂ ತಂತಿಯ ಮೇಲೆ ಅಡ್ಡಲಾಗಿ ಒತ್ತಿ, ಉಳಿದ ಮೂರು ಬೆರಳನ್ನು ಅವವುಗಳ ಜಾಗದಲ್ಲಿಡಬೇಕು. ಹತ್ತರಲ್ಲಿ ನಾಲ್ಕು ಸಲ ಸರಿಯಾಗಿ ಬರುತ್ತದೆ. ತಂತಿ ತಗ್ಗಿಸಿದ ಮೇಲೂ ನನಗಿಷ್ಟು ಕಷ್ಟವಾದರೆ, ಆ ಎತ್ತರದ ತಂತಿಯ ಮೇಲೆ ಹದಿನೈದರ ಹುಡುಗಿ ವರ್ಷವಿಡೀ ಒತ್ತಿದ್ದಳು. ಮನಸ್ಸಿಲ್ಲದೆ ಯಾರೂ ಅಷ್ಟು ದಿನ ಒತ್ತುವುದಿಲ್ಲ.

ಮಗಳು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ನಾನು ಕಲಿಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಒಂದು ಹಾಡು ಪೂರ್ತಿ ಬಂದ ಮೇಲೆ ಅಚ್ಚರಿಪಡಿಸೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹಾಡು ಬಂದು ಒಂದೂವರೆ ತಿಂಗಳಾಯಿತು. ಹೇಳಿದರೆ ಅವಳು ಮೊದಲು ಕೇಳುವುದು ಯಾವ ಗಿಟಾರ್ ಎಂದು. ಆಮೇಲೆ, ಅದರಲ್ಲಿ ಬೆರಳು ನೋಯಲ್ವಾ ಎಂದು. ರಿಪೇರಿ ಮಾಡಿಸಿದೆ ಅನ್ನಬೇಕಾಗುತ್ತದೆ.

ಕಳೆದ ಭಾನುವಾರ ಅವಳ ಫೋನ್ ಬಂದಾಗ ಗಿಟಾರ್ ತೊಡೆಯ ಮೇಲಿತ್ತು. ಸದ್ದಾಗದಂತೆ ತಂತಿಗಳ ಮೇಲೆ ಅಂಗೈ ಇಟ್ಟು, "ಊಟ ಆಯ್ತಾ ಪುಟ್ಟಿ" ಎಂದು ಕೇಳಿದೆ.