ನಾಳೆ ಬಾ

ಹಿಂದೆ ಬೆಂಗಳೂರಿನಲ್ಲಿ ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ದಿನಾ ಬಂದು, ಓದಿಕೊಂಡು, ಹಿಂದಿರುಗುತ್ತಿತ್ತಂತೆ. ಕನ್ನಡ ಓದಬಲ್ಲ ಮರ್ಯಾದಸ್ಥ ದೆವ್ವ. ನಿವೃತ್ತನಾದ ಮೇಲೆ ನಾನು ಆನ್‌ಲೈನ್ ಕೋರ್ಸುಗಳಿಗೂ ಅದೇ ಬೋರ್ಡು ತೂಗುಹಾಕಿದೆ.

ಐಐಟಿಗಳೂ ನಮ್ಮ ಟಾಟಾ ಇನ್‌ಸ್ಟಿಟ್ಯೂಟೂ (ಐಐಎಸ್‌ಸಿ) ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ. ಯಾವಾಗ ಬೇಕಾದರೂ ನೋಡಬಹುದು. ಈ ‘ಯಾವಾಗ ಬೇಕಾದರೂ’ ಅನ್ನುವುದೇ ನನಗೆ ಮುಳುವಾಯಿತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಮೊದಲ ಪಾಠವನ್ನು ನಾಲ್ಕು ಸಲ ನೋಡಿದ್ದೇನೆ. ಎರಡನೆಯ ಪಾಠಕ್ಕೆ ಮೇಷ್ಟ್ರು ಶರಟು ಬದಲಾಯಿಸಿದ್ದರೋ ಇಲ್ಲವೋ ಮಾತ್ರ ಗೊತ್ತಿರಲಿಲ್ಲ.

ಕೃಷ್ಣರಾವ್ ಪಾರ್ಕಿನ ಬೆಂಚಿನ ಮೇಲೆ ಒಂದು ಬೆಳಗ್ಗೆ ಬಾಯಿಬಿಟ್ಟೆ. ಪಕ್ಕದ ರಾಯರದ್ದೂ ಅದೇ ಕಥೆ, ಗಣಿತದ ಮೇಡಂ ಅವರದ್ದೂ ಅದೇ. “ಒಬ್ಬರೇ ಕೂತು ಜಪ ಮಾಡಬಹುದು ಕಣ್ರೀ, ಪಾಠ ಆಗಲ್ಲ” ಅಂದರು ಮೇಡಂ. ಮೂವರೂ 12 ವಾರದ ಕೋರ್ಸಿಗೆ ಸೇರಿದೆವು. ವಾರ ವಾರ ಅಸೈನ್‌ಮೆಂಟು. ಮುಗಿಸದವರು ಕಾಫಿ ಕೊಡಿಸಬೇಕು.

ಮೊದಲ ಸಭೆ ವಿದ್ಯಾರ್ಥಿ ಭವನದಲ್ಲಿ. 1943ರಿಂದ ಆ ಹೆಸರು ಹೊತ್ತ ಜಾಗ, ನಮಗಲ್ಲದೆ ಇನ್ಯಾರಿಗೆ? ಆದರೆ ಟೇಬಲಿಗಾಗಿ ಕಾಯುವವರು ಬೆನ್ನಿಗೇ ನಿಂತಿರುವಾಗ ‘ಫಾರ್ ಲೂಪ್’ ತಲೆಗೆ ಹತ್ತುತ್ತದೆಯೇ? ಅಷ್ಟರಲ್ಲಿ ಮಾಣಿ ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬಂದ. ಒಂದೊಂದೇ ಟೇಬಲು, ಒಂದೊಂದೇ ತಟ್ಟೆ, ತಟ್ಟೆ ಮುಗಿಯುವ ತನಕ. “ನೋಡ್ರೀ, ಇದೇ ನಿಮ್ಮ ಲೂಪು” ಅಂದರು ರಾಯರು. ನಾಲ್ಕು ಸಲ ನೋಡಿದ ವಿಡಿಯೋ ಕಲಿಸದಿದ್ದದ್ದು ಒಂದು ಮಸಾಲೆಯಲ್ಲಿ ಆಯಿತು.

ನಮ್ಮದೇನೂ ಹೊಸ ಉಪಾಯವಲ್ಲ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿಗೆ ಮನೆಯಲ್ಲೇ ಓದಿ ಕಟ್ಟುತ್ತಿದ್ದವರು ಎಷ್ಟೋ ಜನ. ಕಾಲೇಜಿನ ಮೆಟ್ಟಿಲು ಹತ್ತದ ನನ್ನ ಸೋದರತ್ತೆ ‘ಜಾಣ’ ಪಾಸು ಮಾಡಿದ್ದಳು. ಮಧ್ಯಾಹ್ನ ವಠಾರದ ಹೆಂಗಸರು ನೆನೆಸಿದ ಅವರೆಕಾಳಿನ ಪಾತ್ರೆ ಸುತ್ತ ಕೂರುತ್ತಿದ್ದರು. ಒಬ್ಬಾಕೆ ಹಳಗನ್ನಡ ಓದುವುದು, ಮಿಕ್ಕವರು ಕಾಳು ಹಿತುಕುತ್ತಾ ಅರ್ಥ ಹೇಳುವುದು. ತಪ್ಪಿದವಳ ಪಾಲಿಗೆ ಇನ್ನೊಂದು ಹಿಡಿ ಕಾಳು. ಅತ್ತೆಯ ಮುಂದೆ ರಾಶಿ ದೊಡ್ಡದೇ ಇರುತ್ತಿತ್ತು. ಆ ಕಾಲದ ಹಿತುಕಿದ ಬೇಳೆ ಸಾರಿಗೆ ನಾನೂ ಫಲಾನುಭವಿ.

ನಮ್ಮನ್ನು ಎಳೆದದ್ದು ಜ್ಞಾನದಾಹ ಅಂದುಕೊಳ್ಳಬೇಡಿ; ಶುದ್ಧ ನಾಚಿಕೆ. ಕಂಪ್ಯೂಟರು ಕಳಿಸುವ ಜ್ಞಾಪನೆಗೆ ನಾನು ಜಗ್ಗಿದವನಲ್ಲ. ಮೇಡಂ ಹುಬ್ಬೇರಿಸಿದರೆ ರಾತ್ರಿ ಹನ್ನೊಂದಕ್ಕೆ ಎದ್ದು ಕೂತಿದ್ದೇನೆ.

ಒಂಬತ್ತನೆಯ ವಾರ ರಾಯರು ಮನೆ ಖಾಲಿ ಮಾಡಿ ಸರ್ಜಾಪುರ ರಸ್ತೆಯ ಮಗಳ ಫ್ಲಾಟಿಗೆ ಹೋದರು. ಬೆಳಗ್ಗೆ ವಿಡಿಯೋ ಕಾಲ್ ಮಾಡುತ್ತಿದ್ದೆವು. ಪರದೆಯ ಮೇಲೆ ಅವರ ಹಣೆ ಮಾತ್ರ ಕಾಣುತ್ತಿತ್ತು. ಹನ್ನೊಂದನೆಯ ವಾರದ ಲೆಕ್ಕ ಆಯಿತೇ ಎಂದು ಮೇಡಂ ಕೇಳಿದರೆ, “ನಾಳೆ ಮಾಡ್ತೀನಿ ಮೇಡಂ” ಅಂದರು. ಅವತ್ತು ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ಸಾವಿರ ರೂಪಾಯಿ ಕಟ್ಟಿ ಪರೀಕ್ಷೆ ಬರೆದವರು ಇಬ್ಬರೇ. ಮೇಡಂಗೆ 91, ನನಗೆ 52. ಜನವರಿಯಲ್ಲಿ ಇನ್ನೊಂದು ಕೋರ್ಸಿಗೆ ಸೇರುತ್ತಿದ್ದೇವೆ. ಬೆಂಚಿನಲ್ಲಿ ಒಬ್ಬರಿಗೆ ಜಾಗವಿದೆ. ಬೆಳಗ್ಗೆ ಆರೂವರೆಗೆ ಬನ್ನಿ. ಕಲ್ಲು ತಣ್ಣಗಿರುತ್ತದೆ, ಹಾಸಿಕೊಳ್ಳಲು ಏನಾದರೂ ತನ್ನಿ.