ಹುಟ್ಟು ಹಿಡಿದ ದಿನ

ಸುಲೇಪೇಟದವರಿಗೆ ಆಷಾಢದ ಗಾಳಿ ಹೊಸದಲ್ಲ. ಪಡುವಣದಿಂದ ಎದ್ದಿತೆಂದರೆ ಮಾಳಿಗೆ ಮೇಲಿನ ತಗಡು ಹಗಲೆಲ್ಲ ಬಡಬಡಿಸುತ್ತದೆ, ಒಣಹಾಕಿದ ಬಟ್ಟೆ ಓಣಿ ದಾಟುತ್ತದೆ, ತೊಗರಿ ಬಿತ್ತಿದ ಹೊಲದಲ್ಲಿ ಕಣ್ಣಿಗೆ ಮಣ್ಣು ತುಂಬುತ್ತದೆ. ನಾನು ಬಲ್ಲ ಗಾಳಿ ಇಷ್ಟೇ, ನೆಲದ ಮೇಲಿನದು. ಅದೇ ಗಾಳಿ ನೀರಿನ ಮೇಲೆ ಏನಾಗುತ್ತದೆ ಎಂದು ಕಂಡದ್ದು ನಾಗರಾಳ ಜಲಾಶಯದಲ್ಲಿ, ಗೆಳೆಯನ ಕಾಕಾನ ತೆಪ್ಪದಲ್ಲಿ.

ಮುಲ್ಲಾಮಾರಿ ನದಿಗೆ ಕಟ್ಟಿದ ಒಡ್ಡಿನ ಹಿಂದೆ ನೀರು ಹರವಾಗಿ ನಿಂತಿತ್ತು. ಆಚೆ ದಂಡೆಯಲ್ಲಿ ಬಿಟ್ಟುಬಂದಿದ್ದ ಬಲೆಗಳನ್ನು ಕಾಕಾ ತರಬೇಕಿತ್ತು. ನನಗೂ ಒಂದು ಹುಟ್ಟು ಕೊಡಿ ಎಂದು ನಾನೇ ಕೇಳಿ ಹತ್ತಿದೆ. ಒಳಗೆ ಸೀಳಿದ ಬಿದಿರಿನ ಹೆಣಿಕೆ, ಹೊರಗೆ ತಾಡಪತ್ರಿ, ಅದರ ಮೇಲೆ ಡಾಂಬರು. ಬದಿಗೆ ಗಾಳಿ ತುಂಬಿದ ಲಾರಿ ಟ್ಯೂಬು ಕಟ್ಟಿತ್ತು. ಮಳೆ ಬಿದ್ದ ಮೇಲೆ ಡಾಂಬರಿನ ವಾಸನೆಗೆ ಮೀನಿನ ವಾಸನೆ ಬೆರೆತಿತ್ತು.

ಉದ್ದನೆಯ ದೋಣಿಗೆ ಮೂತಿ ಇದೆ, ಹೋಗುವ ಕಡೆಗೆ ಅದನ್ನು ತಿರುಗಿಸಬಹುದು. ದುಂಡನೆಯ ತೆಪ್ಪಕ್ಕೆ ಹಿಂದು ಮುಂದಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ತುಂಗಭದ್ರೆಯಲ್ಲಿ ಕಂಡ ಬುಟ್ಟಿಯಂಥ ದೋಣಿಗಳು ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ಐನೂರು ವರ್ಷ ಕಳೆದರೂ ಆ ಸುತ್ತಾಟ ನಿಂತಿಲ್ಲ. ಹುಟ್ಟನ್ನು ಎದುರಿಗೆ ಚಾಚಿ, ನೀರನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಎದೆಯ ಕಡೆಗೆ ಎಳೆದುಕೊಳ್ಳಬೇಕು. ಒಂದು ಬದಿಯ ಎಳೆತ ತುಸು ಹೆಚ್ಚಾದರೂ ತೆಪ್ಪ ತಿರುಗುತ್ತದೆ, ಆಗ ನಮ್ಮ ಎದುರಿಗೆ ಬರುವುದು ಬಿಟ್ಟುಬಂದ ದಂಡೆ.

ಹೋಗುವಾಗ ಬೆನ್ನಿಗೆ ಗಾಳಿ. ಹುಟ್ಟು ಹಾಕಿದ್ದಕ್ಕಿಂತ ಸುಮ್ಮನೆ ಕುಳಿತದ್ದೇ ಹೆಚ್ಚು. ಬಲೆ ಮಡಿಚಿ, ರೊಟ್ಟಿ ಶೇಂಗಾ ಹಿಂಡಿ ತಿಂದು ತಿರುಗುವಷ್ಟರಲ್ಲಿ ಬಿಸಿಲೇರಿತ್ತು. ನೆಲ ಕಾದಂತೆ ಮೇಲಿನ ಗಾಳಿ ಕೆಳಗಿಳಿದು ಬಿರುಸಾಗುತ್ತದೆ. ಬಯಲು ನೀರು ಉದ್ದಕ್ಕೆ ಸಿಕ್ಕಷ್ಟೂ ಅಲೆ ಬಲಿಯುತ್ತದೆ. ನೀರು ಬೂದಿ ಬಣ್ಣಕ್ಕೆ ತಿರುಗಿ, ಅಲೆಗಳ ತುದಿಯಲ್ಲಿ ಬೆಳ್ಳನೆ ನೊರೆ ಕಾಣಿಸಿತು.

ಅರ್ಧ ಮುಳುಗಿದ ಒಂದು ಜಾಲಿ ಗಿಡವನ್ನು ಗುರುತಿಟ್ಟುಕೊಂಡು ಎಳೆಯತೊಡಗಿದೆ. ನೂರು ಎಣಿಸಿದೆ, ಮತ್ತೆ ನೂರು. ತಲೆ ಎತ್ತಿದರೆ ಗಿಡ ಇದ್ದಲ್ಲೇ ಇದೆ. ಬೆವರು ಒರೆಸಲು ಕೈ ಬಿಟ್ಟರೆ ಗಿಡವೇ ನಮ್ಮನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಅಂಚು ದಾಟಿ ಬಂದ ನೀರು ಪಾದ ಮುಚ್ಚಿತು. ಕತ್ತರಿಸಿದ ಎಣ್ಣೆ ಡಬ್ಬಿಯಿಂದ ಕಾಕಾ ಅದನ್ನು ಮೊಗೆದು ಚೆಲ್ಲುತ್ತಿದ್ದರು. ನನ್ನ ಅಂಗೈಯ ಗುಳ್ಳೆ ಒಡೆದು ಹುಟ್ಟಿನ ಹಿಡಿಗೆ ಅಂಟಿತು. ನನಗೆ ನಿಜವಾಗಿ ಹೆದರಿಕೆಯಾಯಿತು.

"ಗಾಳಿ ಸಂಗಟ ಜಗಳ ತೆಗೀಬ್ಯಾಡ ತಮ್ಮಾ," ಎಂದರು ಕಾಕಾ, "ದಂಡಿ ಹಿಡಿ. ದೂರ ಆದ್ರ ಆಗವಲ್ದ್ಯಾಕ."

ಹುಟ್ಟು ಅವರ ಕೈಗೆ ಹೋಯಿತು. ಎದುರಿನ ದಂಡೆ ಬಿಟ್ಟು, ದಿಬ್ಬದ ಮರೆಗೆ ಓರೆಯಾಗಿ ಎಳೆದರು. ಮರೆಯಲ್ಲಿ ನೀರು ಮೆತ್ತಗಿತ್ತು. ಅಲ್ಲಿಂದ ದಂಡೆಗುಂಟ ಬಳಸುತ್ತ, ಬಯಲು ಬಂದಲ್ಲಿ ಗಾಳಿ ಉಸಿರು ಹಿಡಿಯುವುದನ್ನು ಕಾದು ಅಷ್ಟರೊಳಗೆ ದಾಟುತ್ತ, ಮತ್ತೊಂದು ಮರೆ ಸೇರುತ್ತ ಹೋದೆವು. ಗಾಳಿ ಬರುವ ಮೊದಲು ನೀರಿನ ಮೇಲೆ ಕಪ್ಪು ಪಟ್ಟೆಯೊಂದು ಓಡಿ ಬರುತ್ತದೆ. ಅವರು ತೋರಿಸುವವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

12ನೇ ಶತಮಾನದ ಅಂಬಿಗರ ಚೌಡಯ್ಯ ತನ್ನ ವಚನಗಳಿಗೆ ದೇವರ ಹೆಸರಿನ ಬದಲು ಕಸುಬು ಕೂಡಿದ ತನ್ನದೇ ಹೆಸರನ್ನು ಅಂಕಿತವಾಗಿಟ್ಟ. ಶಾಲೆಯಲ್ಲಿ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಕಾಕಾನ ಮೊಣಕೈಯನ್ನೇ ನೋಡುತ್ತ ಕುಳಿತಿದ್ದಾಗ ಆ ಹೆಸರಿನ ತೂಕ ತಿಳಿಯಿತು. ಹೊಳೆಹೊಳೆಗೆ ಸೇತುವೆ ಬಂದಿವೆ, ಬರಲೇಬೇಕಿತ್ತು. ಆದರೆ ನೀರಿನ ಮೇಲಿನ ಕಪ್ಪು ಪಟ್ಟೆಯನ್ನು ಓದುವ ಈ ವಿದ್ಯೆ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ, ಕಾಕಾನ ಮಗ ದುಡಿಯುವುದು ಹೈದರಾಬಾದಿನಲ್ಲಿ. ಹೋಗಿ ಕೂತು ಕೇಳಿಕೊಳ್ಳಬೇಕೆಂಬ ಅವಸರ ನನ್ನನ್ನು ಹಿಡಿದದ್ದು ಅವತ್ತೇ.

ಈ ದಂಡೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಕಾಕಾ ತೆಪ್ಪವನ್ನು ಬೋರಲು ಹಾಕಿ, ಗಾಳಿಗೆ ಹಾರದಂತೆ ಅಂಚಿಗೆ ನಾಲ್ಕು ಕಲ್ಲು ಹೇರಿದರು. ಆಮೇಲೆ ಡಾಂಬರಿನ ಮೇಲೆ ಅಂಗೈ ಸವರುತ್ತ ಬಿರುಕು ಹುಡುಕಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಹೆಬ್ಬೆರಳಿನಿಂದ ಒತ್ತಿ, ನನ್ನ ಕಡೆ ನೋಡಿದರು.

"ನಾಳಿ ನಸುಕಿನ್ಯಾಗ ಬಾ. ಗಾಳಿ ಏಳೂದ್ರೊಳಗ ದಾಟಿ ಬರೋಣು."