ಅನಾನಸ್ ಬೆಳೆದ ನೆಲದಲ್ಲಿ ಕ್ರಿಕೆಟ್ ನೆಟ್

ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಬೌಲರ್ ಓಡಿಬರುವ ಒಂದು ತುದಿಗೆ ಪೆವಿಲಿಯನ್ ಎಂಡ್ ಎಂದು ಹೆಸರು, ಇನ್ನೊಂದಕ್ಕೆ ನರ್ಸರಿ ಎಂಡ್. ಟಿ.ವಿ.ಯಲ್ಲಿ ಈ ಹೆಸರು ಕೇಳಿದ ಪುಟಾಣಿಗಳು 'ಅಲ್ಲಿ ಎಲ್‌ಕೆಜಿ ಮಕ್ಕಳ ಶಾಲೆ ಇದೆಯಾ?' ಎಂದು ಕೇಳಿದರೆ ನಗಬೇಡಿ. ಅದು ಮಕ್ಕಳ ನರ್ಸರಿಯಲ್ಲ, ಗಿಡಗಳ ನರ್ಸರಿ. ಹೆಂಡರ್ಸನ್ ಎಂಬುವರ ಹೆಸರಿನ ಆ ತೋಟ ಅನಾನಸ್ ಮತ್ತು ಟ್ಯೂಲಿಪ್ ಹೂಗಳಿಗೆ ಹೆಸರುವಾಸಿಯಾಗಿತ್ತು. 1887ರಲ್ಲಿ ಮೇರಿಲೆಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂ.ಸಿ.ಸಿ., ಅದನ್ನು ಕೊಂಡುಕೊಂಡಿತು. ಹಣ್ಣು ಬೆಳೆಯುತ್ತಿದ್ದ ನೆಲದಲ್ಲಿ ಈಗ ಆಟಗಾರರು ಬಲೆ ಕಟ್ಟಿಕೊಂಡು ಅಭ್ಯಾಸ ಮಾಡುತ್ತಾರೆ. ಅದರ ಅಡಿಯಲ್ಲಿ 1890ರ ದಶಕದಲ್ಲಿ ಕೊರೆದ ರೈಲು ಸುರಂಗಗಳೂ ಇವೆ!

ಈ ಮೈದಾನಕ್ಕೆ ಹುಲ್ಲಿನ ಮೇಲೆ ಮೊದಲಿನಿಂದಲೂ ಬಲು ಮಮತೆ. ಥಾಮಸ್ ಲಾರ್ಡ್ ಎಂಬಾತ 1787ರಲ್ಲಿ ಮೊದಲ ಮೈದಾನ ತೆರೆದದ್ದು ಬೇರೆ ಜಾಗದಲ್ಲಿ. ಅಲ್ಲಿಂದ ಎರಡನೆಯ ಜಾಗಕ್ಕೆ ಹೋದ. ಅದರ ನಡುವೆಯೇ ಕಾಲುವೆ ಹಾಯುತ್ತದೆ ಎಂದಾದಾಗ 1814ರಲ್ಲಿ ಈಗಿರುವ ಜಾಗಕ್ಕೆ ಬಂದ. ಮನೆ ಬದಲಿಸುವಾಗ ನಾವು ತುಳಸಿಕಟ್ಟೆಯ ಗಿಡವನ್ನು ಮಣ್ಣು ಸಮೇತ ಕಿತ್ತು ಒಯ್ಯುತ್ತೇವಲ್ಲ, ಹಾಗೆ ಆತ ಎರಡು ಸಲವೂ ಮೈದಾನದ ಹುಲ್ಲುಹಾಸನ್ನೇ ಎಬ್ಬಿಸಿ ಹೊತ್ತು ತಂದ. ಕತ್ತರಿಸುವ ಯಂತ್ರಗಳು ಬರುವ ಮೊದಲು ಆ ಹುಲ್ಲನ್ನು ಮಟ್ಟವಾಗಿ ಇಡುತ್ತಿದ್ದ ಕೆಲಸಗಾರರು ಯಾರು ಗೊತ್ತೇ? ಕುರಿಗಳು.

ಅಜ್ಜಂದಿರಿಗೆ ಲಾರ್ಡ್ಸ್ ಎಂದರೆ 1979ರಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ ಹೊಡೆದ 113 ನೆನಪಾಗಬಹುದು. ಅಪ್ಪಂದಿರಿಗೆ 1996ರಲ್ಲಿ ರಾಹುಲ್ ದ್ರಾವಿಡ್ ತಮ್ಮ ಮೊದಲ ಟೆಸ್ಟಿನಲ್ಲೇ ಗಳಿಸಿದ 95. ಆದರೆ ಇಂಥ ಆಟದ ಹಿಂದೆ ಸ್ಕೋರ್ ಬೋರ್ಡಿನಲ್ಲಿ ಕಾಣದ ಒಂದು ಕೆಲಸವಿದೆ. ಪಂದ್ಯದ ಪಿಚ್ಚನ್ನು ಐದು ದಿನ ಬಳಸಿ ಬಿಡುತ್ತಾರೆ. ನೆಟ್‌ನ ಪಿಚ್ಚಿಗೆ ಅಂಥ ಪುಣ್ಯವಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬರಾದ ಮೇಲೆ ಒಬ್ಬರು ಬಂದು ಅದನ್ನೇ ತುಳಿಯುತ್ತಾರೆ.

ಹುಲ್ಲಿನ ನೆಟ್ ಪಿಚ್ ಕಟ್ಟುವುದು ಹೇಗೆ? ಮೊದಲು ಸುಮಾರು ಒಂದು ಅಡಿ ಆಳ ಅಗೆದು, ನೀರು ಬಸಿದು ಹೋಗಲು ತಳದಲ್ಲಿ ಜಲ್ಲಿ ಮತ್ತು ಮರಳು ಹಾಕುತ್ತಾರೆ. ಅದರ ಮೇಲೆ ಜೇಡಿಯುಳ್ಳ ಮಣ್ಣನ್ನು ತೆಳು ಪದರಗಳಾಗಿ ಹರಡಿ ಒಂದೊಂದನ್ನೂ ತುಳಿದು ಗಟ್ಟಿ ಮಾಡುತ್ತಾರೆ. ಮುಂದಿನ ಪದರ ಹಾಕುವ ಮೊದಲು ಕೆಳಗಿನದನ್ನು ಕುಂಟೆಯಿಂದ ಸ್ವಲ್ಪ ಕೆರೆಯಲೇಬೇಕು. ಕೆರೆಯದಿದ್ದರೆ ಎರಡೂ ಬೆಸೆಯುವುದಿಲ್ಲ. ಒಳಗೆ ಪದರ ಬಿಟ್ಟ ಪಿಚ್ಚಿನಲ್ಲಿ ಚೆಂಡು ಪುಟಿಯದೆ ಸತ್ತಂತೆ ನೆಲ ಹಿಡಿಯುತ್ತದೆ. ಆಮೇಲೆ ಬೀಜ, ನೀರು, ಹುಲ್ಲು, ರೋಲರ್.

ಹಳ್ಳಿಯಲ್ಲಿ ಬೆಳೆದ ಅಜ್ಜ ಅಜ್ಜಿಯರಿಗೆ ಇದು ಹೊಸದೇನಲ್ಲ. ಸುಗ್ಗಿಗೆ ಮುಂಚೆ ಕಣ ಮಾಡುತ್ತಿದ್ದುದು ಹೀಗೆಯೇ ಅಲ್ಲವೇ? ನೀರು ಹೊಡೆದು, ಮಣ್ಣು ಹದಕ್ಕೆ ಬರುವವರೆಗೆ ಕಾದು, ಬಡಿದು, ಕಲ್ಲಿನ ಗುಂಡು ಉರುಳಿಸಿ ನೆಲ ಗಟ್ಟಿ ಮಾಡುತ್ತಿದ್ದರು. ಹದ ತಪ್ಪಿದರೆ ಕಣ ಬಿರುಕು ಬಿಡುತ್ತಿತ್ತು. ಪಿಚ್ ಮಾಡುವವರ ಗುಟ್ಟೂ ಆ ಹದದಲ್ಲೇ ಇದೆ. ಮಣ್ಣು ತೀರ ಹಸಿಯಿದ್ದರೆ ರೋಲರಿಗೆ ಅಂಟಿ ಮೇಲೇಳುತ್ತದೆ. ಒಣಗಿ ಹೋಗಿದ್ದರೆ ಎಷ್ಟು ಭಾರ ಉರುಳಿಸಿದರೂ ಜಗ್ಗುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ ಹದ ತಿಳಿಯುವವರು ಇಂದಿಗೂ ಇದ್ದಾರೆ.

ಹುಲ್ಲಿರುವುದು ಬರೀ ಚಂದಕ್ಕಲ್ಲ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಆಳದ ನೀರನ್ನು ಹೀರಿ ಎಲೆಯ ಮೂಲಕ ಹೊರಗೆ ಬಿಡುವುದರಿಂದ ಪಿಚ್ ಮೇಲಷ್ಟೇ ಅಲ್ಲ, ಒಳಗೂ ಸಮನಾಗಿ ಒಣಗಿ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ತಂಪಿಗೆ ರೈ ಹುಲ್ಲು ಒಗ್ಗುತ್ತದೆ. ನಮ್ಮ ಬಿಸಿಲಿಗೆ ಬರ್ಮುಡಾ ಹುಲ್ಲು. ಹೆಸರು ಕೇಳಿ ಪರದೇಶದ್ದು ಎಂದುಕೊಳ್ಳಬೇಡಿ, ಅದು ಗಣೇಶನಿಗೆ ಏರಿಸುವ ನಮ್ಮ ಗರಿಕೆಯೇ! ಎಷ್ಟು ತುಳಿದರೂ ಮತ್ತೆ ಚಿಗುರುವುದು ಅದರ ಗುಣ.

ಚಿಗುರಲು ಬಿಡುವು ಮಾತ್ರ ಬೇಕು. ಅದಕ್ಕೇ ದೊಡ್ಡ ಕ್ಲಬ್ಬುಗಳು ಒಂದೇ ಪಟ್ಟಿಯನ್ನು ನಂಬಿಕೊಳ್ಳದೆ ಪಕ್ಕಪಕ್ಕದಲ್ಲೇ ಹಲವು ಪಟ್ಟಿಗಳನ್ನು ಸಿದ್ಧ ಮಾಡಿಟ್ಟಿರುತ್ತವೆ. ಒಂದೆರಡು ದಿನ ಆಡಿದ ಮೇಲೆ ಕಂಬ ಮತ್ತು ಬಲೆಗಳನ್ನು ಪಕ್ಕದ ಪಟ್ಟಿಗೆ ಸರಿಸುತ್ತಾರೆ. ಸವೆದದ್ದಕ್ಕೆ ಚಿಕಿತ್ಸೆ ಶುರು: ಕಸ ಗುಡಿಸಿ, ಬೌಲರ್ ಕಾಲೂರಿ ಮಾಡಿದ ಗುಂಡಿಗಳನ್ನು ನೆನೆಸಿ, ಅದೇ ಮಣ್ಣು ತುಂಬಿ, ಬಡಿದು, ಬೀಜ ಉದುರಿಸಿ, ಹುಲ್ಲು ಬಲಿಯುವವರೆಗೆ ವಾರಗಟ್ಟಲೆ ಯಾರೂ ಕಾಲಿಡದಂತೆ ಕಾಯುವುದು. ಬಲೆಗೂ ಆರೈಕೆ ಬೇಕು. ಹುಲ್ಲು ಕತ್ತರಿಸುವಾಗ ಕೆಳ ಅಂಚನ್ನು ಮೇಲೆತ್ತಿ ಕಟ್ಟದಿದ್ದರೆ ಯಂತ್ರಕ್ಕೆ ಸಿಕ್ಕಿ ಹರಿಯುತ್ತದೆ. ಚೆಂಡು ತೂರುವಷ್ಟು ತೂತು ಬಿದ್ದರೆ ಪಕ್ಕದ ನೆಟ್ಟಿನಲ್ಲಿ ಬೆನ್ನು ತಿರುಗಿಸಿ ನಿಂತವರ ತಲೆಗೇ ಅಪಾಯ. ಆದ್ದರಿಂದ ಹೊಲಿಗೆ ಅಂದೇ ಆಗಬೇಕು.

ಇದನ್ನೆಲ್ಲ ನೋಡಲು ಲಂಡನ್ನಿಗೇ ಹೋಗಬೇಕಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತೆರೆದ ಬಿ.ಸಿ.ಸಿ.ಐ.ನ ಹೊಸ ಕೇಂದ್ರದಲ್ಲಿ ಹೊರಾಂಗಣ ಅಭ್ಯಾಸಕ್ಕೆಂದೇ 45 ಪಿಚ್‌ಗಳಿವೆ. ಮುಂಬೈಯ ಕೆಂಪು ಮಣ್ಣು, ಒಡಿಶಾದ ಕಾಳಾಹಂಡಿಯ ಕಪ್ಪು ಮಣ್ಣು, ಜೊತೆಗೆ ನಮ್ಮ ಮಂಡ್ಯದ ಮಣ್ಣು ಅಲ್ಲಿಗೆ ಬಂದಿವೆ. ಸಾಮಾನ್ಯವಾಗಿ ಕೆಂಪು ಮಣ್ಣಿನಲ್ಲಿ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಕಪ್ಪು ಮಣ್ಣಿನಲ್ಲಿ ತಗ್ಗಿ ಬರುತ್ತದೆ. ಎರಡನ್ನೂ ಆಡಿ ಕಲಿತವರು ಯಾವ ಊರಿಗೆ ಹೋದರೂ ಅಳುಕುವುದಿಲ್ಲ.

ಮಕ್ಕಳೇ, ನಿಮ್ಮ ಶಾಲೆಯ ಬಯಲಿನಲ್ಲಿ ವಿಕೆಟ್ ನೆಡುವ ಜಾಗ ಬೋಳಾಗಿ, ಮಳೆಗಾಲದಲ್ಲಿ ಕೆಸರಾಗುತ್ತದೆಯೇ? ದಿನವೂ ಅದೇ ಜಾಗದಲ್ಲಿ ಆಡುವುದೇ ಅದಕ್ಕೆ ಕಾರಣ. ಎರಡು ಮೂರು ಪಟ್ಟಿ ಗುರುತಿಸಿಕೊಳ್ಳಿ. ವಾರಕ್ಕೊಂದರಲ್ಲಿ ಆಡಿ, ಉಳಿದವಕ್ಕೆ ರಜೆ ಕೊಡಿ. ಬೋಳಾದ ಕಡೆ ಗರಿಕೆಯ ಗೆಣ್ಣುಗಳನ್ನು ನೆಟ್ಟು, ಸಂಜೆ ಒಂದು ಕೊಡ ನೀರು ಹಾಕಿ. ಮಣ್ಣಿನ ಹದ ನೋಡಲು ಅಜ್ಜನನ್ನು ಕರೆದುಕೊಂಡು ಹೋಗಿ. ಆ ವಿದ್ಯೆಯಲ್ಲಿ ಅವರೇ ನಿಮ್ಮ ಕೋಚ್.